ಬ್ಯಾಡ್ಮಿಂಟನ್ ರ‍್ಯಾಕೆಟ್‌ನ ಭಾಗಗಳು: ತರಬೇತಿಗೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಬ್ಯಾಡ್ಮಿಂಟನ್ ತರಬೇತಿಗೆ ಮಕ್ಕಳನ್ನು ಸೇರಿಸಬಯಸುವ ಪೋಷಕರು ರ‍್ಯಾಕೆಟ್ ಖರೀದಿಸುವ ಮುನ್ನ ಅದರ ಭಾಗಗಳನ್ನು ತಿಳಿದಿರುವುದು ಒಳಿತು. ಬೆಲೆ ಹೆಚ್ಚಾದ ಮಾತ್ರಕ್ಕೆ ರ‍್ಯಾಕೆಟ್ ಮಗುವಿನ ಕೈಗೆ ಹೊಂದುವುದಿಲ್ಲ.

ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ನಿಯಮಗಳ ಪ್ರಕಾರ ರ‍್ಯಾಕೆಟ್‌ನ ಚೌಕಟ್ಟಿನಲ್ಲಿ ಐದು ಭಾಗಗಳನ್ನು ಗುರುತಿಸಲಾಗಿದೆ: ಆಟಗಾರರು ಹಿಡಿಯುವ ಹಿಡಿಕೆ, ಷಟಲ್ ಹೊಡೆಯುವ ತಂತಿಗಳ ಭಾಗ, ಅದನ್ನು ಸುತ್ತುವರಿದ ತಲೆ, ತಲೆಯನ್ನು ಹಿಡಿಕೆಗೆ ಜೋಡಿಸುವ ಶಾಫ್ಟ್, ಮತ್ತು ಕೆಲವು ರ‍್ಯಾಕೆಟ್‌ಗಳಲ್ಲಿ ಮಾತ್ರ ಇರುವ ಕತ್ತು. ಒಟ್ಟು ಉದ್ದ 680 ಮಿ.ಮೀ. ಹಾಗೂ ಅಗಲ 230 ಮಿ.ಮೀ. ಮೀರುವಂತಿಲ್ಲ. ತೂಕಕ್ಕೆ ನಿಯಮದಲ್ಲಿ ಮಿತಿಯಿಲ್ಲ.

ಆರಂಭಿಕರ ರ‍್ಯಾಕೆಟ್‌ಗಳು ಬಹುತೇಕ ಉಕ್ಕು ಅಥವಾ ಅಲ್ಯೂಮಿನಿಯಂನವು. ಹೆಚ್ಚಿನ ಬೆಲೆಯವು ಗ್ರಾಫೈಟ್‌ನವು. ಲೋಹದ ಚೌಕಟ್ಟು ಪೆಟ್ಟು ಬಿದ್ದಲ್ಲಿ ಬಾಗುತ್ತದೆ, ಗ್ರಾಫೈಟ್ ಸೀಳುತ್ತದೆ. ಜೋಡಿ ಆಟದಲ್ಲಿ ಎರಡು ರ‍್ಯಾಕೆಟ್‌ಗಳು ತಾಗುವುದು ಸಾಮಾನ್ಯವಾದುದರಿಂದ, ಆಟದ ನಂತರ ತಲೆಯ ಅಂಚನ್ನು ಬೆರಳಿನಿಂದ ಸವರಿ ಬಿರುಕು ಇದೆಯೇ ಎಂದು ಪರೀಕ್ಷಿಸುವುದು ಸೂಕ್ತ.

ಹಿಡಿಕೆಯ ಗಾತ್ರದ ಬಗ್ಗೆ ವಿಶೇಷ ಗಮನ ಅಗತ್ಯ. ಜಿ4, ಜಿ5 ಎಂಬ ಗುರುತುಗಳಲ್ಲಿ ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ಹಿಡಿಕೆ ಸಣ್ಣದು. ದಪ್ಪ ಹಿಡಿಕೆಯನ್ನು ಮಗು ಬಿಗಿಯಾಗಿ ಅದುಮಿ ಹಿಡಿಯುವುದರಿಂದ ಮಣಿಕಟ್ಟು ಸರಾಗವಾಗಿ ತಿರುಗುವುದಿಲ್ಲ, ಕೈ ಬೇಗ ನೋಯುತ್ತದೆ. ಸಣ್ಣ ಹಿಡಿಕೆಗೆ ಮೇಲೊಂದು ಗ್ರಿಪ್ ಸುತ್ತಬಹುದು. ದಪ್ಪವಾದುದನ್ನು ಸಣ್ಣದಾಗಿಸುವುದು ಕಷ್ಟ. ಆದ್ದರಿಂದ ಸಂಶಯವಿದ್ದಲ್ಲಿ ಸಣ್ಣದನ್ನೇ ಆರಿಸತಕ್ಕದ್ದು. ತೂಕದ ಗುರುತಿನಲ್ಲಿಯೂ ಇದೇ ಕ್ರಮವಿದ್ದು, 3ಯು ಎಂದರೆ ಸುಮಾರು 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84 ಗ್ರಾಂ.

ಹಣ ಹೆಚ್ಚಾಗಿ ನಷ್ಟವಾಗುವುದು ತಂತಿಯ ವಿಷಯದಲ್ಲಿ. ತಂತಿ ಹೆಣೆಯುವುದನ್ನು ಅಂಗಡಿಗಳಲ್ಲಿ ಗಟ್ಟಿಂಗ್ ಎನ್ನುತ್ತಾರೆ. ಬಿಗಿತವನ್ನು ಪೌಂಡ್‌ಗಳಲ್ಲಿ ಅಳೆಯಲಾಗುವುದು. ಚೌಕಟ್ಟು ತಾಳುವ ಗರಿಷ್ಠ ಮಿತಿಯನ್ನು ಬಹುತೇಕ ರ‍್ಯಾಕೆಟ್‌ಗಳಲ್ಲಿ ಹಿಡಿಕೆಯ ಮೇಲ್ತುದಿಯ ಬಳಿ ಅಥವಾ ಚೌಕಟ್ಟಿನ ಮೇಲೆ ಮುದ್ರಿಸಿರುತ್ತಾರೆ. ಪಂದ್ಯಾವಳಿಯ ಆಟಗಾರರನ್ನು ಅನುಕರಿಸಿ ಮಿತಿ ಮೀರಿ ಬಿಗಿಸಿದಲ್ಲಿ ಚೌಕಟ್ಟು ಯಂತ್ರದ ಮೇಲೆಯೇ ಮುರಿಯಬಹುದು, ಅಂಥ ಹಾನಿಗೆ ಸಾಮಾನ್ಯವಾಗಿ ವಾರಂಟಿ ದೊರೆಯುವುದಿಲ್ಲ. ಬಿಗಿ ಹೆಚ್ಚಿದಷ್ಟೂ ಷಟಲ್ ಚೆನ್ನಾಗಿ ಚಿಮ್ಮುವ ನಡುಭಾಗ ಕಿರಿದಾಗುತ್ತದೆ. ಕಲಿಯುವ ಮಗುವಿಗೆ 20 ಪೌಂಡ್‌ಗಳ ಆಸುಪಾಸು ಸಾಕು.

ತಂತಿ ಹಾದುಹೋಗುವ ರಂಧ್ರಗಳಲ್ಲಿ ಗ್ರಾಮೆಟ್ ಎಂಬ ಪ್ಲಾಸ್ಟಿಕ್ ಕೊಳವೆಗಳಿರುತ್ತವೆ. ಅವು ಒಡೆದರೆ ತಂತಿ ನೇರವಾಗಿ ಚೌಕಟ್ಟಿಗೆ ಉಜ್ಜುವುದರಿಂದ ಗಟ್ಟಿಂಗ್ ಸಮಯದಲ್ಲಿಯೇ ಬದಲಿಸಿಕೊಳ್ಳುವುದು, ಖರ್ಚು ಅಲ್ಪ. ಒಂದು ತಂತಿ ತುಂಡಾದಲ್ಲಿ ಎಳೆತ ಅಸಮವಾಗಿ ತಲೆಯ ಆಕಾರ ಕೆಡುವ ಸಾಧ್ಯತೆಯಿರುವುದರಿಂದ, ಉಳಿದ ತಂತಿಗಳನ್ನು ಕೂಡಲೇ ನಡುವಿನಿಂದ ಹೊರಕ್ಕೆ ಕತ್ತರಿಸತಕ್ಕದ್ದು. ಹೊಸದಾಗಿ ಗಟ್ಟಿಂಗ್‌ಗೆ ನೀಡುವಾಗ ಎಷ್ಟು ಪೌಂಡ್ ಎಂಬುದನ್ನು ರಸೀದಿಯಲ್ಲಿ ನಮೂದಿಸಿಕೊಳ್ಳಲು ಕೋರಲಾಗಿದೆ.