ಕಡಲಿನ ವಿದ್ಯುತ್ತು: ಬಯಲುಸೀಮೆಯಿಂದ ಒಂದು ಸಮೀಕ್ಷೆ

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಿಗೆ ಅರಬ್ಬೀ ಸಮುದ್ರವು ಮುನ್ನೂರು ಕಿಲೋಮೀಟರಿನಷ್ಟು ದೂರದ ವಸ್ತು. ಅಲ್ಲಿಂದ ಹೊರಡುವ ಮುಂಗಾರು ಮಾರುತವು ತನ್ನ ಜಲಭಾರವನ್ನು ಘಟ್ಟದ ಪಡುವಣ ಮೈಗೆ ಸುರಿದು, ಇತ್ತ ಬರುವ ಹೊತ್ತಿಗೆ ಬಹುಮಟ್ಟಿಗೆ ಬರಿಗಾಳಿಯಾಗಿರುತ್ತದೆ. ಹೀಗಿರಲು, ಸಮುದ್ರದಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆಯ ಬೆಳವಣಿಗೆಯನ್ನು ಈ ಸೀಮೆಯವರು ಏಕೆ ಗಮನಿಸಬೇಕೆಂದು ಕೇಳಿದರೆ ಅದಕ್ಕೆ ಎರಡು ಕಾರಣಗಳುಂಟು. ಸೊಲ್ಲಾಪುರದ ಬಳಿ ಎನ್‌ಟಿಪಿಸಿ ಸಂಸ್ಥೆಯು ಸ್ಥಾಪಿಸಿರುವ 1320 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲಿನಷ್ಟೇ ಅಗತ್ಯವಾದದ್ದು ಭೀಮಾನದಿಯ ಉಜನಿ ಜಲಾಶಯದ ನೀರು; ಅದೇ ಜಲಾಶಯವನ್ನು ನಂಬಿದ ನಗರದ ನಲ್ಲಿಗಳಿಗೆ ಹಲವು ದಿನಗಳಿಗೊಮ್ಮೆ ನೀರು ಬರುವುದನ್ನು ಕಂಡವರಿಗೆ, ಸಿಹಿನೀರನ್ನು ಬೇಡದ ವಿದ್ಯುತ್ತಿನ ಬೆಲೆ ಏನೆಂದು ವಿವರಿಸಿ ಹೇಳಬೇಕಾಗಿಲ್ಲ. ಇನ್ನೊಂದು ಕಾರಣ ತಂತಿಯದು. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗವು ಚಾಲನೆಗೊಂಡಾಗ, ಅದುವರೆಗೆ ಬೇರೆಯಾಗಿಯೇ ನಡೆಯುತ್ತಿದ್ದ ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಒಂದೇ ಆವರ್ತನದಲ್ಲಿ ಬೆಸೆದುಕೊಂಡಿತು. ಕನ್ಯಾಕುಮಾರಿಯ ಕಡಲಿನಲ್ಲಿ ಹುಟ್ಟುವ ವಿದ್ಯುತ್ತು ಸೊಲ್ಲಾಪುರದ ಚಾದರದ ಮಗ್ಗಗಳವರೆಗೆ ಬರಲು ಅಂದಿನಿಂದ ದಾರಿ ತೆರೆದಿದೆ.

ಸಮುದ್ರಶಕ್ತಿಯ ರೂಪಗಳಲ್ಲಿ ಮೊದಲು ಪಳಗಿದ್ದು ಉಬ್ಬರವಿಳಿತ. ಫ್ರಾನ್ಸಿನ ರಾನ್ಸ್ ನದಿಯ ಅಳಿವೆಗೆ ಅಡ್ಡಲಾಗಿ ಕಟ್ಟಿ 1966ರಲ್ಲಿ ಉದ್ಘಾಟಿಸಿದ ಒಡ್ಡಿನಲ್ಲಿ ತಲಾ 10 ಮೆಗಾವಾಟಿನ 24 ಟರ್ಬೈನುಗಳಿದ್ದು, 2011ರಲ್ಲಿ ದಕ್ಷಿಣ ಕೊರಿಯದ ಸಿಹ್ವಾ ಸ್ಥಾವರವು 254 ಮೆಗಾವಾಟಿನೊಡನೆ ಅದನ್ನು ಮೀರಿಸುವವರೆಗೆ ಜಗತ್ತಿನಲ್ಲಿ ಅದಕ್ಕೆ ಸರಿಸಾಟಿಯಿರಲಿಲ್ಲ. ಈ ವಿದ್ಯೆಗೆ ಭರತ ಮತ್ತು ಇಳಿತಗಳ ನಡುವೆ ಎತ್ತರದ ಅಂತರ ಬೇಕು. ಕಾರವಾರ, ಮಂಗಳೂರುಗಳ ತೀರದಲ್ಲಿ ಅದು ಒಂದೆರಡು ಮೀಟರು ಮಾತ್ರವಾದುದರಿಂದ ಕರ್ನಾಟಕದ ಕರಾವಳಿ ಇದಕ್ಕೆ ಒದಗದು. ಖಂಭಾತ್ ಕೊಲ್ಲಿಯಲ್ಲಿಯಾದರೋ ನೀರು 11 ಮೀಟರಿನವರೆಗೂ ಏರುವುದುಂಟು. ಅಲ್ಲಿ 7000 ಮೆಗಾವಾಟ್, ಕಚ್ಛದ ಕೊಲ್ಲಿಯಲ್ಲಿ 1200 ಮೆಗಾವಾಟ್ ಸಾಧ್ಯವೆಂಬ ಅಂದಾಜುಗಳು ದಶಕಗಳಿಂದ ಸರ್ಕಾರಿ ವರದಿಗಳಲ್ಲಿ ಉಳಿದುಕೊಂಡಿವೆ. ಸುಂದರಬನದ ದುರ್ಗಾದುವಾನಿಯಲ್ಲಿ ಯೋಚಿಸಿದ 3.75 ಮೆಗಾವಾಟಿನ ಪುಟ್ಟ ಯೋಜನೆಯೂ ವೆಚ್ಚದ ಭಾರದಿಂದ ಕೈಬಿಡಲ್ಪಟ್ಟಿತು. ಹೂಳಿನ ಗತಿಯನ್ನೂ ಮೀನುಗಾರರ ಜೀವನವನ್ನೂ ಬದಲಿಸುವ ಮಹಾಒಡ್ಡುಗಳು ಏಳದೆ ಹೋದುದಕ್ಕೆ ನನಗೆ ಹೆಚ್ಚಿನ ವಿಷಾದವಿಲ್ಲ.

ಅಲೆಗಳ ಕಥೆ ಬೇರೆ. 1973ರ ತೈಲಸಂಕಟದ ಬಳಿಕ ಎಡಿನ್‌ಬರೋದ ಸ್ಟೀಫನ್ ಸಾಲ್ಟರ್ ಅವರ ತೇಲುಯಂತ್ರವು ಬಹಳ ಭರವಸೆಯನ್ನು ಹುಟ್ಟಿಸಿತಾದರೂ, ತೈಲ ಅಗ್ಗವಾದೊಡನೆ ಆ ಉತ್ಸಾಹ ಕುಗ್ಗಿತು. ಅಂತಹ ಕಾಲದಲ್ಲಿಯೇ ಮದರಾಸಿನ ಐಐಟಿಯ ಎಂಜಿನಿಯರುಗಳು ತಿರುವನಂತಪುರದ ಹತ್ತಿರದ ವಿಳಿಂಜಂ ಬಂದರಿನ ಅಲೆತಡೆಯ ಬಳಿ 1991ರಲ್ಲಿ 150 ಕಿಲೋವಾಟಿನ ಸ್ಥಾವರವನ್ನು ನಿಲ್ಲಿಸಿದರು. ಸಮುದ್ರತಳದಲ್ಲಿ ಕೂರಿಸಿದ ಭಾರೀ ಕಾಂಕ್ರೀಟ್ ಕೋಣೆ. ಅದರ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗೆ ಕಡಲಿನತ್ತ ತೆರೆದಿತ್ತು. ಅಲೆ ನುಗ್ಗಿದಾಗ ಒಳಗಿನ ನೀರೇರಿ ಮೇಲಣ ಗಾಳಿಯನ್ನು ಹೊರಕ್ಕೆ ದೂಡುವುದು, ಅಲೆ ಹಿಂಜರಿದಾಗ ಹೊರಗಣ ಗಾಳಿ ಒಳಕ್ಕೆ ಎಳೆಯಲ್ಪಡುವುದು. ಕೊಳಲೂದುವವನ ಉಸಿರಿನಂತೆ ಹೀಗೆ ಹೋಗಿ ಬರುವ ಗಾಳಿಯ ದಾರಿಯಲ್ಲಿ ಬೆಲ್ಫಾಸ್ಟಿನ ಆಲನ್ ವೆಲ್ಸ್ ಅವರು ರೂಪಿಸಿದ ಟರ್ಬೈನು ಕುಳಿತಿತ್ತು. ಇಬ್ಬದಿಗೂ ಒಂದೇ ಆಕಾರವಿರುವ ಅದರ ಅಲಗುಗಳು, ಗಾಳಿ ಯಾವ ಕಡೆಯಿಂದ ಬೀಸಿದರೂ ಚಕ್ರವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಕಡಲಿನ ಚಂಚಲತೆಯನ್ನು ತಡೆಯಲು ಹೋಗದೆ ಅದಕ್ಕೆ ಒಪ್ಪಿಕೊಂಡ ಈ ಉಪಾಯಕ್ಕಿಂತ ಸುಂದರವಾದುದನ್ನು ಈ ಕ್ಷೇತ್ರದಲ್ಲಿ ನಾನು ಕಾಣೆ. ಮುಂಗಾರಿನ ಅಬ್ಬರದಲ್ಲಿ ದುಡಿಯುವ ಯಂತ್ರಕ್ಕೆ ಇತರ ತಿಂಗಳುಗಳಲ್ಲಿ ಸಾಕಷ್ಟು ಅಲೆ ದೊರೆಯದಿದ್ದುದು ಅದರ ದೊಡ್ಡ ಕೊರತೆ. ಮುಂದೆ ಅದೇ ಸ್ಥಾವರಕ್ಕೆ ಕಡಲಿನ ನೀರನ್ನು ಸಿಹಿಗೊಳಿಸುವ ಯಂತ್ರವನ್ನು ಜೋಡಿಸಲಾಯಿತು. ಕಡೆಗೆ ಸ್ಥಾವರ ನಿಂತಿತು, ಅದರ ಜಾಗದಲ್ಲಿ ಇನ್ನೊಂದು ಏಳಲಿಲ್ಲ. ಸ್ಪೇನಿನ ಮುತ್ರಿಕು ಬಂದರಿನವರು ಇದೇ ತತ್ತ್ವದ ಮೇಲೆ 2011ರಲ್ಲಿ 16 ಟರ್ಬೈನುಗಳನ್ನು ಕೂರಿಸಿದರು.

ಗಾಳಿಯಂತ್ರಗಳನ್ನು ಕಡಲಿನಲ್ಲಿ ನೆಡುವ ವಿಧಾನವು ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ 11 ಯಂತ್ರಗಳೊಡನೆ ಮೊದಲಾಗಿ ಇಂದು ಎಲ್ಲವನ್ನೂ ಮೀರಿ ಬೆಳೆದಿದೆ. ಭಾರತ ಸರ್ಕಾರವು 2024ರಲ್ಲಿ ಗುಜರಾತ್ ಮತ್ತು ತಮಿಳುನಾಡಿನ ತೀರಗಳಲ್ಲಿ ತಲಾ 500 ಮೆಗಾವಾಟಿಗೆ ನೆರವಿನ ಯೋಜನೆಯನ್ನು ಒಪ್ಪಿತು. ಆದರೆ ಅದು ಕಡಲಿನ ಮೇಲಣ ಗಾಳಿಯ ಶಕ್ತಿ. ಕಡಲಿನ ಸ್ವಂತ ಶಕ್ತಿಗಳಲ್ಲಿ ನಮ್ಮ ಉಷ್ಣವಲಯಕ್ಕೆ ಅತ್ಯಂತ ಯೋಗ್ಯವಾದುದು ಅದರ ಶಾಖ.

ಉಷ್ಣವಲಯದ ಸಮುದ್ರದ ಮೇಲ್ಮೈ ನೀರು 28 ಡಿಗ್ರಿಯಷ್ಟಿದ್ದರೆ ಒಂದು ಕಿಲೋಮೀಟರ್ ಆಳದಲ್ಲಿ ಅದು ಏಳೆಂಟು ಡಿಗ್ರಿಗೆ ಇಳಿಯುತ್ತದೆ. ಈ ವ್ಯತ್ಯಾಸದಿಂದ ಯಂತ್ರವನ್ನು ನಡೆಸಬಹುದೆಂದು ಫ್ರಾನ್ಸಿನ ದಾರ್ಸೊನ್ವಾಲ್ 1881ರಲ್ಲಿಯೇ ಸೂಚಿಸಿದನು. ಅವನ ಶಿಷ್ಯ ಜಾರ್ಜ್ ಕ್ಲೋಡ್ 1930ರಲ್ಲಿ ಕ್ಯೂಬಾದ ಮಾತಾನ್ಸಾಸ್ ಕೊಲ್ಲಿಯಲ್ಲಿ, ಎರಡು ಕೊಳವೆಗಳನ್ನು ಸಮುದ್ರಕ್ಕೆ ಕಳೆದುಕೊಂಡ ಮೇಲೆ ಮೂರನೆಯದರಿಂದ 22 ಕಿಲೋವಾಟ್ ಪಡೆದನು. ಆಳದ ತಣ್ಣೀರನ್ನು ಮೇಲೆತ್ತುವ ಆ ಕೊಳವೆಯೇ ಇಂದಿಗೂ ಈ ವಿದ್ಯೆಯ ಪ್ರಾಣಸಂಕಟ. ಚೆನ್ನೈಯ ರಾಷ್ಟ್ರೀಯ ಸಮುದ್ರ ತಂತ್ರಜ್ಞಾನ ಸಂಸ್ಥೆಯು ಜಪಾನಿನ ಸಾಗಾ ವಿಶ್ವವಿದ್ಯಾಲಯದ ಸಹಯೋಗದಲ್ಲಿ ‘ಸಾಗರ ಶಕ್ತಿ’ ಎಂಬ ತೇಲುದೋಣಿಯ ಮೇಲೆ ಒಂದು ಮೆಗಾವಾಟಿನ, ಅಮೋನಿಯಾದಿಂದ ನಡೆಯುವ ಸ್ಥಾವರವನ್ನು ಕಟ್ಟಿ, 2001ರಿಂದ 2003ರವರೆಗೆ ತೂತ್ತುಕುಡಿಯಾಚೆ ನಿಲ್ಲಿಸಲು ಯತ್ನಿಸಿದಾಗಲೂ, ಕಿಲೋಮೀಟರಿನುದ್ದದ ಕೊಳವೆಯನ್ನು ಇಳಿಬಿಟ್ಟು ಜೋಡಿಸುವ ಕಾರ್ಯವೇ ಕೈಗೂಡದೆ ಹೋಯಿತು.

ಆ ಸೋಲಿನ ಅನುಭವವು ವ್ಯರ್ಥವಾಗಲಿಲ್ಲ. ಅದೇ ಸಂಸ್ಥೆಯು 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ, ದಡದಿಂದಲೇ ಸುಮಾರು 350 ಮೀಟರ್ ಆಳಕ್ಕೆ ಕೊಳವೆಯನ್ನಿಳಿಸಿ, ಬೆಚ್ಚನೆಯ ಮೇಲ್ನೀರನ್ನು ಕಡಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದ ತಣ್ಣೀರಿನಿಂದ ಆ ಆವಿಯನ್ನು ಸಾಂದ್ರಗೊಳಿಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರನ್ನು ಪಡೆಯತೊಡಗಿತು. ಮುಂದೆ ಮಿನಿಕಾಯ್, ಅಗತ್ತಿ ದ್ವೀಪಗಳಲ್ಲಿಯೂ ಇಂತಹ ಸ್ಥಾವರಗಳೆದ್ದವು. ವಿದ್ಯುತ್ತಿಗೆಂದು ಹೊರಟವರು ಮೊದಲು ನೀರನ್ನು ಪಡೆದ ಈ ತಿರುವು, ನೀರಿನ ಬರವನ್ನು ಬಲ್ಲ ಭೀಮಾತೀರದವರಿಗೆ ಯಾವ ದೃಷ್ಟಿಯಿಂದಲೂ ಸಣ್ಣದಲ್ಲ. ಆದರೆ ಅಲ್ಲಿಯ ಪಂಪುಗಳು ನಡೆಯುವುದು ದ್ವೀಪಕ್ಕೆ ಹಡಗಿನಲ್ಲಿ ತಂದ ಡೀಸೆಲಿನಿಂದ. ಈ ಪರಾವಲಂಬನೆಯನ್ನು ನೀಗುವುದಕ್ಕಾಗಿಯೇ, ಕಡಲಿನ ಶಾಖದಿಂದ ತನ್ನ ವಿದ್ಯುತ್ತನ್ನು ತಾನೇ ಪಡೆಯುವ 65 ಕಿಲೋವಾಟಿನ ಸ್ಥಾವರವನ್ನು ಕವರತ್ತಿಗೆ ಯೋಜಿಸಲಾಗಿದೆ. ಒಂದು ಮೆಗಾವಾಟಿನಿಂದ ಇಲ್ಲಿಗೆ ಇಳಿದುದನ್ನು ಹಿನ್ನಡೆಯೆನ್ನುವವರಿದ್ದಾರು; ತೇಲುವ ದೋಣಿಯನ್ನು ಬಿಟ್ಟು ದಡವನ್ನೂ, ಪರೀಕ್ಷೆಗೊಂಡ ಕೊಳವೆಯ ಅನುಭವವನ್ನೂ ಆಶ್ರಯಿಸಿರುವ ಈ ಕ್ರಮವೇ ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ವಿಳಿಂಜಮ್ಮಿನಂತೆ ನಡುವೆ ನಿಲ್ಲಿಸದೆ ಅದನ್ನು ಐದಾರು ಮುಂಗಾರುಗಳವರೆಗೆ ನಡೆಸಿ, ಎತ್ತಿದ ನೀರು, ಪಂಪಿಗೆ ತಗುಲಿದ ವಿದ್ಯುತ್ತು, ದುರಸ್ತಿಗೆ ಹಿಡಿದ ದಿನಗಳು ಎಲ್ಲವನ್ನೂ ಪ್ರಕಟಿಸಿದರೆ, ಅಂಡಮಾನಿನಂತಹ ದ್ವೀಪಗಳಿಗೆ ಬೇಕಾಗುವ ದೊಡ್ಡ ಸ್ಥಾವರಗಳ ಲೆಕ್ಕವನ್ನು ಊಹೆಯನ್ನು ನೆಚ್ಚದೆ ಹಾಕಬಹುದು.