ಚೈನಾಟೌನಿನ ಅಂಗಡಿ, ಅವ್ವನ ಕ್ಯಾಸೆಟ್ಟು

ಭಾನುವಾರ ಲಿಟಲ್ ಇಂಡಿಯಾದಲ್ಲಿ ಊಟ ಮಾಡಿ, ಊರಿಗೆ ದುಡ್ಡು ಕಳಿಸಿ, ಹಾಗೇ ಸಿಮ್ ಲಿಮ್ ಸ್ಕ್ವೇರ್ ಕಡೆ ಹೆಜ್ಜೆ ಹಾಕದವರು ನಮ್ಮಲ್ಲಿ ಕಡಿಮೆ. ಕೊಳ್ಳೋದು ಒಂದಿದ್ರೆ ನೋಡೋದು ಹತ್ತು. 2001ರಲ್ಲಿ ನಾನು ಅಲ್ಲಿಂದ ಒಂದು ಸೌಂಡ್ ಕಾರ್ಡ್ ತಂದೆ. ಆ ಕಾರ್ಡು ಹುಟ್ಟಿದ್ದು ಇದೇ ಸಿಂಗಪುರದಲ್ಲಿ ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ಈ ಸಲದ ಸಂಚಿಕೆಗೆ ಏನಾದ್ರೂ ಬರೀರಿ ಅಂತ ಬಳಗದವರು ಕೇಳಿದಾಗ ಅದೇ ನೆನಪಾಯಿತು.

ಕಾರ್ಡು ಯಾಕೆ ಬೇಕಾಯಿತು ಅನ್ನೋದನ್ನ ಮೊದಲು ಹೇಳ್ತೀನಿ. 1999ರಲ್ಲಿ ತಂಗಿಯ ಮದುವೆಗೆ ನನಗೆ ರಜೆ ಸಿಗಲಿಲ್ಲ. ಹಡಗು ಕೆಲಸಕ್ಕೆ ಗಡುವು ಇತ್ತು. ಮದುವೆ ಮನೆಯಲ್ಲಿ ಅವ್ವ ಹಾಡಿದ ಸೋಬಾನೆ ಪದಗಳನ್ನ ತಮ್ಮ ಒಂದು ಕ್ಯಾಸೆಟ್ಟಿಗೆ ತುಂಬಿ, ಇಲ್ಲಿಗೆ ಬರುತ್ತಿದ್ದ ಊರವರೊಬ್ಬರ ಕೈಲಿ ಕಳಿಸಿದ್ದ. ಕೊನೆಗೆ ಅವ್ವ ನನ್ನ ಹೆಸರು ಹಿಡಿದು ನಾಲ್ಕು ಮಾತು ಆಡಿದ್ದಳು. ಮರುವರ್ಷ ಅವ್ವ ಹೋದಳು. ಆಕೆಯ ದನಿ ಅಂತ ಉಳಿದದ್ದು ಆ ಅರವತ್ತು ನಿಮಿಷ ಮಾತ್ರ. ಒಂದು ರಾತ್ರಿ ಪ್ಲೇಯರು ಆ ಟೇಪನ್ನ ಸ್ವಲ್ಪ ನುಂಗಿತು. ಪೆನ್ಸಿಲ್ ಹಾಕಿ ಸುತ್ತಿ ಸರಿ ಮಾಡಿದೆ. ಆದ್ರೆ ಕೈ ನಡುಗುತ್ತಿತ್ತು. ಇನ್ನು ಇದನ್ನ ಕಂಪ್ಯೂಟರಿಗೆ ಏರಿಸದೆ ಗತಿ ಇಲ್ಲ ಅಂತ ಆವತ್ತೇ ತೀರ್ಮಾನ ಆಯಿತು.

ಇಲ್ಲಿ ಸ್ವಲ್ಪ ಇತಿಹಾಸ. 1981ರಲ್ಲಿ ಐಬಿಎಂ ತನ್ನ ಪಿಸಿ ಹೊರತಂದಾಗ ಅದಕ್ಕೆ ಬರುತ್ತಿದ್ದದ್ದು 'ಕೀಂ' ಅನ್ನೋ ಸದ್ದು ಒಂದೇ. ಒಳಗಿನ ಸಣ್ಣ ಸ್ಪೀಕರಿಗೆ ಕರೆಂಟು ಕೊಡೋದು, ತೆಗೆಯೋದು, ಅಷ್ಟೇ ನೋಡ್ರಿ. ಅದು ಲೆಕ್ಕ ಮಾಡೋ ಯಂತ್ರ, ಹಾಡೋ ಯಂತ್ರ ಅಲ್ಲ ಅನ್ನೋದು ಆಗಿನವರ ಭಾವನೆ.

ಅದೇ ವರ್ಷ ಜುಲೈ 1ರಂದು ಇಲ್ಲಿನ ಚೈನಾಟೌನಿನ ಪರ್ಲ್ಸ್ ಸೆಂಟರಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಶುರುವಾಯಿತು. ಹೆಸರು ಕ್ರಿಯೇಟಿವ್ ಟೆಕ್ನಾಲಜಿ. ತೆರೆದವರು ಸಿಮ್ ವಾಂಗ್ ಹೂ ಮತ್ತು ಅವರ ಗೆಳೆಯ ಇಂಗ್ ಕೈ ವಾ. ಸಿಮ್ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದವರಲ್ಲ. ನಮ್ಮಲ್ಲಿ ಬಹಳ ಜನರಂತೆ ಡಿಪ್ಲೊಮಾದವರು, ನೀ ಆನ್ ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಹಾರ್ಮೋನಿಕಾ ಅಂದ್ರೆ ಪ್ರಾಣ. ಯಂತ್ರ ಹಾಡಬೇಕು ಅನ್ನೋ ಹಟಕ್ಕೆ ಆ ಹುಚ್ಚೂ ಕಾರಣ ಇರಬೇಕು ಅಂತ ನನಗನ್ನಿಸುತ್ತೆ.

ಮೊದಲೇ ಗೆಲುವು ಸಿಗಲಿಲ್ಲ. 1986ರಲ್ಲಿ ಮಾತಾಡಬಲ್ಲ 'ಕ್ಯೂಬಿಕ್ ಸಿಟಿ' ಅನ್ನೋ ಕಂಪ್ಯೂಟರ್ ಮಾಡಿದರು, ಅದು ಮಾರಾಟವಾಗಲಿಲ್ಲ. ಅದರಿಂದ ಕಲಿತದ್ದು ಒಂದು: ಇಡೀ ಕಂಪ್ಯೂಟರ್ ಮಾರೋದು ಬೇಡ, ಜನರ ಹತ್ತಿರ ಇರೋ ಕಂಪ್ಯೂಟರಿಗೆ ಕಿವಿ-ಬಾಯಿ ಕೊಡೋ ಕಾರ್ಡು ಮಾರೋಣ. 1987ರಲ್ಲಿ ಕ್ರಿಯೇಟಿವ್ ಮ್ಯೂಸಿಕ್ ಸಿಸ್ಟಮ್ ಬಂತು. ಆದ್ರೆ ಅದೇ ವರ್ಷ ಕೆನಡಾದ ಕ್ವಿಬೆಕ್‌ನಿಂದ ಆಡ್‌ಲಿಬ್ ಕಾರ್ಡೂ ಬಂತು. ಅದರ ಹಿಂದಿದ್ದವರು ಸಂಗೀತದ ಪ್ರಾಧ್ಯಾಪಕರಾಗಿದ್ದ ಮಾರ್ಟಿನ್ ಪ್ರೆವೆಲ್. ಯಮಾಹಾ ಚಿಪ್ಪಿನಿಂದ ಒಂಬತ್ತು ದನಿಗಳನ್ನ ಒಟ್ಟಿಗೆ ನುಡಿಸುತ್ತಿದ್ದ ಆ ಕಾರ್ಡಿಗೆ ಆಟ ಬರೆಯುವವರೆಲ್ಲ ಒಲಿದರು.

ಸಿಮ್ ಜಾಣತನ ಮಾಡಿದ್ದು 1989ರಲ್ಲಿ. ಹೊಸ ಸೌಂಡ್ ಬ್ಲಾಸ್ಟರಿನಲ್ಲಿ ಆಡ್‌ಲಿಬ್‌ನ ಅದೇ ಯಮಾಹಾ ಚಿಪ್ಪು ಹಾಕಿದರು, ಹಾಗಾಗಿ ಆಡ್‌ಲಿಬ್‌ಗೆ ಬರೆದ ಆಟಗಳೆಲ್ಲ ಇದರಲ್ಲೂ ನಡೆದವು. ಮೇಲೆ ಇನ್ನೊಂದು ಸೇರಿಸಿದರು: ನಿಜವಾದ ದನಿಯನ್ನ ಒಳಗೆ ತುಂಬಿಕೊಳ್ಳೋ, ಮತ್ತೆ ನುಡಿಸೋ ಶಕ್ತಿ. ಜಾಯ್‌ಸ್ಟಿಕ್ ಜೋಡಿಸೋ ಜಾಗವೂ ಅದರಲ್ಲೇ. ಒಂದು ಕಾರ್ಡಿನ ದುಡ್ಡಿಗೆ ಮೂರು ಕೆಲಸ. 1992ರಲ್ಲಿ ಅಮೆರಿಕದ ನಾಸ್ಡಾಕ್‌ನಲ್ಲಿ ಹೆಸರು ಹಚ್ಚಿಸಿದ ಮೊದಲ ಸಿಂಗಪುರ ಕಂಪನಿ ಇವರದೇ.

ಆ ಮೊದಲ ಕಾರ್ಡು 8 ಬಿಟ್‌ನದು. ಅಂದ್ರೆ ದನಿಯ ಏರಿಳಿತವನ್ನ 256 ಮೆಟ್ಟಿಲುಗಳಲ್ಲಿ ಅಳೆಯುತ್ತಿತ್ತು. ಮೆಟ್ಟಿಲು ಒರಟಾದಷ್ಟೂ ಸದ್ದಿನಲ್ಲಿ ಮರಳು ಸೇರಿದ ಹಾಗೆ ಕೇಳುತ್ತೆ. 1992ರ ಸೌಂಡ್ ಬ್ಲಾಸ್ಟರ್ 16 ಬಂದ ಮೇಲೆ ಮೆಟ್ಟಿಲು 65,536 ಆದವು, ಸೆಕೆಂಡಿಗೆ 44,100 ಸಲ ಅಳತೆ. ಸಿ.ಡಿ.ಯ ಅಳತೆಯೂ ಅದೇ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತೆ, ಅದನ್ನ ಹಿಡಿಯೋಕೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೀಬೇಕು. ಲೆಕ್ಕ ಅಲ್ಲಿಗೆ ಸರಿಹೋಯಿತು.

ಆಮೇಲೆ 1997ರಲ್ಲಿ ಇಂಟೆಲ್ ಎಸಿ'97 ಅನ್ನೋ ಪದ್ಧತಿ ತಂದಿತು. ಸದ್ದಿನ ಚಿಪ್ಪು ಮದರ್‌ಬೋರ್ಡಿನಲ್ಲೇ ಪುಕ್ಕಟೆಯಂತೆ ಬರತೊಡಗಿತು. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲೂ ಅದೇ ಇತ್ತು. ಅದಕ್ಕೆ ಕ್ಯಾಸೆಟ್ ಪ್ಲೇಯರ್ ಜೋಡಿಸಿದಾಗ ಅವ್ವನ ಹಾಡಿನ ಹಿಂದೆ 'ಗುಂಯ್' ಅನ್ನೋ ಸದ್ದು, ಮೌಸ್ ಆಡಿಸಿದರೆ 'ಚರ್ ಚರ್'. ರೂಮಿನ ಗೆಳೆಯರು ನಕ್ಕರು, ನನಗೆ ನಗು ಬರಲಿಲ್ಲ. ಟೇಪು ಇನ್ನೆಷ್ಟು ಸಲ ಓಡುತ್ತೋ ಗೊತ್ತಿಲ್ಲ, ಈ ಗದ್ದಲದಲ್ಲಿ ತುಂಬಿಟ್ಟರೆ ಏನು ಬಂತು?

ಅದಕ್ಕೇ ಕೊಂಡದ್ದು ಸೌಂಡ್ ಬ್ಲಾಸ್ಟರ್ ಲೈವ್, 1998ರಲ್ಲಿ ಬಂದ ಮಾದರಿ. ಎರಡು ತಿಂಗಳ ಓವರ್‌ಟೈಮ್ ದುಡ್ಡಿನಲ್ಲಿ ಸ್ವಲ್ಪ ಅದಕ್ಕೆ ಹೋಯಿತು. ಮದರ್‌ಬೋರ್ಡಿನ ಗದ್ದಲದಿಂದ ಸ್ವಲ್ಪ ದೂರ ಕೂತ ಕಾರ್ಡು, 'ಚರ್ ಚರ್' ನಿಂತಿತು. ಆದ್ರೆ 'ಗುಂಯ್' ಹೋಗಲಿಲ್ಲ. ಎಲೆಕ್ಟ್ರಿಷಿಯನ್ ಆಗಿ ಅದು ನನಗೆ ಮೊದಲೇ ಹೊಳೀಬೇಕಿತ್ತು. ಅದು 50 ಹರ್ಟ್ಸ್ ಕರೆಂಟಿನ ಸದ್ದು, ಗೋಡೆಯಿಂದ ಎರಡು ದಾರಿಯಲ್ಲಿ ಬಂದು ಸುತ್ತು ಹಾಕುತ್ತಿತ್ತು. ಪ್ಲೇಯರಿನ ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿದೆ. ಸದ್ದು ಮಾಯ! ಗುಲಾಬಿ ಬಣ್ಣದ ಮೈಕ್ ತೂತಿಗೆ ಅಲ್ಲ, ನೀಲಿ ಬಣ್ಣದ ಲೈನ್-ಇನ್ ತೂತಿಗೇ ವೈರು ಹಾಕಿದೆ. ಈ ಕಾರ್ಡು ಒಳಗೆ ಎಲ್ಲವನ್ನೂ 48,000ದ ಅಳತೆಗೆ ತಿರುಗಿಸಿಕೊಳ್ಳುತ್ತೆ, ಆದ್ದರಿಂದ ಅದೇ ಅಳತೆಯಲ್ಲಿ ತುಂಬಿದೆ. ಅರವತ್ತು ನಿಮಿಷಕ್ಕೆ ಸುಮಾರು 690 ಎಂ.ಬಿ. ಸರಿಯಾಗಿ ಒಂದು ಸಿ.ಡಿ. ತುಂಬಿತು.

ಒಂದು ತಪ್ಪು ಮಾಡೋದರಲ್ಲಿದ್ದೆ. ಟೇಪಿನ 'ಸ್ಸ್' ಸದ್ದನ್ನ ತೆಗೆಯೋ ಸಾಫ್ಟ್‌ವೇರ್ ಹಾಕಿದೆ. ದನಿ ಸ್ವಚ್ಛ ಆಯಿತು, ಆದ್ರೆ ಏನೋ ಕಳೆದುಹೋದ ಹಾಗನ್ನಿಸಿತು. ಮತ್ತೆ ಮತ್ತೆ ಕೇಳಿದಾಗ ತಿಳಿಯಿತು: ಅವ್ವನ ಬಳೆ ಸದ್ದು ಹೋಗಿತ್ತು. ಬಳೆಯ ಸದ್ದೂ ಟೇಪಿನ ಸದ್ದೂ ಒಂದೇ ಎತ್ತರದವು, ಯಂತ್ರಕ್ಕೆ ಬೇರೆ ಮಾಡಲು ಬರಲಿಲ್ಲ. ತೊಳೆದ ಪ್ರತಿ ಅಳಿಸಿದೆ, ಮೊದಲಿನದನ್ನೇ ಇಟ್ಟುಕೊಂಡೆ.

ಈಗ ಹೆಚ್ಚಿನ ಕಂಪ್ಯೂಟರುಗಳಿಗೆ ಒಳಗಿನ ಚಿಪ್ಪೇ ಹಾಡು ಕೇಳೋಕೆ ಸಾಕು. ಗದ್ದಲ ಇದ್ದರೆ ಬೆರಳಿನಷ್ಟು ದೊಡ್ಡ ಯುಎಸ್‌ಬಿ ಡ್ಯಾಕ್ ಹಾಕಿ, ಮೊದಲ ದುಡ್ಡು ಒಳ್ಳೆ ಹೆಡ್‌ಫೋನಿಗೆ ಹಾಕಿ. ಆದ್ರೆ ಊರಲ್ಲಿ ಹಳೇ ಕ್ಯಾಸೆಟ್ಟು ಇದ್ದರೆ ಮುಂದಿನ ರಜೆಗೆ ಹೋದಾಗ ಮರೀದೆ ತನ್ನಿ. ಲೈನ್-ಇನ್ ಇರೋ ಯಂತ್ರ ನನ್ನ ಹತ್ತಿರ ಇದೆ, ಬ್ಯಾಟರಿ ಹಾಕೋ ಪ್ಲೇಯರೂ ಇದೆ. ಭಾನುವಾರ ಬನ್ನಿ, ಕೂತು ತುಂಬೋಣ.

ಸಿಮ್ ವಾಂಗ್ ಹೂ 2023ರ ಜನವರಿ 4ರಂದು ತೀರಿಕೊಂಡರು. ಪರ್ಲ್ಸ್ ಸೆಂಟರ್ ಕಟ್ಟಡವನ್ನ ಅದಕ್ಕೂ ಮೊದಲೇ ಮೆಟ್ರೋ ಮಾರ್ಗಕ್ಕಾಗಿ ಕೆಡವಿದ್ದರು. ಸುದ್ದಿ ಓದಿದ ಸಂಜೆ ಆ ಸಿ.ಡಿ.ಯ ಪ್ರತಿ ಹಾಕಿದೆ. ಸೋಬಾನೆ ಮುಗಿಯಿತು, ಬಳೆ ಸದ್ದಾಯಿತು, ಆಮೇಲೆ ಅವ್ವ ನನ್ನ ಹೆಸರು ಕರೆದು, ಊಟ ಆಯ್ತೇನೋ ಅಂತ ಕೇಳಿದಳು.