ಬೂತಾಯಿ: ಬರುವ ವರ್ಷ, ಬಾರದ ವರ್ಷ

ಬೂತಾಯಿ ಸಿಗದ ವರ್ಷ ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಈಗ ಒಂದೇ ಮಾತು: ಸಮುದ್ರ ಬಿಸಿಯಾಯಿತು, ಮೀನು ಉತ್ತರಕ್ಕೆ ಹೋಯಿತು. ಪತ್ರಿಕೆಗಳೂ ಇದನ್ನೇ ಬರೆಯುತ್ತವೆ. ಶತಮಾನ ದಾಟಿದ ಸಂಶೋಧನೆಯನ್ನು ಓದಿದವರಿಗೆ ಈ ಮಾತು ಸಾಕಾಗುವುದಿಲ್ಲ.

1847ರಲ್ಲಿ ಫ್ರಾನ್ಸಿನ ವಲೆನ್ಸಿಯೆನ್ ಈ ಮೀನಿಗೆ ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂದು ಹೆಸರಿಟ್ಟರು. ಬ್ರಿಟಿಷ್ ಆಡಳಿತದ ಆಸಕ್ತಿ ಅದರ ಎಣ್ಣೆ ಮತ್ತು ಗೊಬ್ಬರದಲ್ಲಿತ್ತು. 1924ರಲ್ಲಿ ಜೇಮ್ಸ್ ಹಾರ್ನೆಲ್ ಮತ್ತು ನಾಯ್ಡು ಪ್ರಕಟಿಸಿದ ಜೀವನಚಕ್ರದ ಅಧ್ಯಯನವೇ ಮೊದಲ ಗಟ್ಟಿ ಕೆಲಸ. 1940ರ ದಶಕದಲ್ಲಿ ಬೂತಾಯಿ ಬಹುತೇಕ ಮಾಯವಾದಾಗ ಮದ್ರಾಸ್ ಸರಕಾರ ಕೆಲವು ಬಲೆಗಳ ಮೇಲೆ ನಿರ್ಬಂಧ ಹೇರಿತು. ಮರಿ ಉಳಿಯಬೇಕೆಂಬ ಯೋಚನೆ ಅಷ್ಟು ಹಳೆಯದು.

ಸಂಶೋಧನೆಯ ನಿಜವಾದ ಫಸಲು ಬಂದದ್ದು 1947ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿದ ಮೇಲೆ. ಮೀನು ಇಳಿಯುವ ಜಾಗದಲ್ಲೇ ನಿಂತು, ಬುಟ್ಟಿಯಿಂದ ಮಾದರಿ ಆರಿಸಿ, ಉದ್ದ ಅಳೆದು, ಹೊಟ್ಟೆ ಸೀಳಿ ನೋಡುವ ಪದ್ಧತಿಯನ್ನು ಅಲ್ಲಿನವರು ದಶಕಗಳ ಕಾಲ ಬಿಡದೆ ನಡೆಸಿದರು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್, ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಸೂಕ್ಷ್ಮ ಪಾಚಿ ಹೇರಳವಾದಾಗ ಬೂತಾಯಿಯೂ ಹೆಚ್ಚುವುದನ್ನು ಗುರುತಿಸಿದರು. 1969ರಲ್ಲಿ ಆಂಟನಿ ರಾಜಾ ಬರೆದ ಸಮಗ್ರ ಹೊತ್ತಗೆ ಇಂದಿಗೂ ಹಳತಾಗಿಲ್ಲ. ಅದೇ ವರ್ಷ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ತೆರೆದು, ಕನ್ನಡ ಕರಾವಳಿಯ ಹುಡುಗರೂ ಈ ಶಾಸ್ತ್ರಕ್ಕೆ ಬಂದರು.

ಈ ಪರಂಪರೆ ಕಟ್ಟಿಕೊಟ್ಟ ಚಿತ್ರ ಸ್ಪಷ್ಟವಾಗಿದೆ. ಮುಂಗಾರಿನ ಗಾಳಿ ಬೀಸಿದಾಗ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ, ಪಾಚಿ ಹುಲುಸಾಗುತ್ತದೆ, ಬೂತಾಯಿ ಆ ತಿಂಗಳುಗಳಲ್ಲೇ ಮೊಟ್ಟೆಯಿಡುತ್ತದೆ. ಮಳೆಗಾಲ ಮುಗಿದ ಮೇಲೆ ಮೀನಿನಲ್ಲಿ ಕೊಬ್ಬು ತುಂಬುತ್ತದೆ. ಪುಳಿಮುಂಚಿ ಅಡುಗೆಗೆ ಆಗಿನ ಬೂತಾಯಿಯೇ ಆಗಬೇಕು ಎನ್ನುವ ಮನೆಯವರ ಮಾತಿಗೂ ಶಾಸ್ತ್ರದ ಬಲವಿದೆ. ಆಯುಸ್ಸು ಎರಡೂವರೆ ವರ್ಷದಷ್ಟು. ಮೊದಲ ವರ್ಷದಲ್ಲೇ, ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ, ಬಲಿಯುತ್ತದೆ. ಇಷ್ಟು ಅಲ್ಪಾಯುಷಿ ಮೀನಿಗೆ ಒಂದು ಮಳೆಗಾಲ ಕೈಕೊಟ್ಟರೂ ಮರುವರ್ಷವೇ ಪೆಟ್ಟು ಬೀಳುತ್ತದೆ. ಏರಿಳಿತ ಅದರ ಸ್ವಭಾವದಲ್ಲೇ ಇದೆ.

ಬದಲಾದದ್ದು ಹಿಡಿಯುವ ಬಗೆ. ಹತ್ತಾರು ಜನ ದಡದಿಂದ ಎಳೆಯುತ್ತಿದ್ದ ರಂಪಣಿ, ಮೀನಿನ ಹಿಂಡು ತೀರಕ್ಕೆ ಬರುವವರೆಗೂ ಕಾಯಬೇಕಿತ್ತು. 1970ರ ದಶಕದ ಮಧ್ಯದಲ್ಲಿ ಬಂದ ಪರ್ಸೀನ್ ಬೋಟು ಹಿಂಡನ್ನು ಹುಡುಕಿಕೊಂಡೇ ಹೋಯಿತು. ಮುಂದೆ ಮೀನೆಣ್ಣೆ, ಮೀನಿನ ಹುಡಿಯ ಕಾರ್ಖಾನೆಗಳು ಬೆಳೆದಂತೆ ಸಣ್ಣ ಮೀನಿಗೂ ಗಿರಾಕಿ ಸಿಕ್ಕಿತು.

ಮೀನುಗಾರಿಕಾ ವಿಜ್ಞಾನಿ ಇ. ವಿವೇಕಾನಂದನ್ ಮತ್ತು ಸಂಗಡಿಗರು ತೋರಿಸಿದಂತೆ, 1980ರ ದಶಕದ ನಂತರ ಬೂತಾಯಿ ಉತ್ತರಕ್ಕೂ ಪೂರ್ವ ಕರಾವಳಿಗೂ ಹರಡಿದ್ದು ನಿಜ. ಆದರೆ ಹರಡುವುದೆಂದರೆ ಊರು ಬಿಡುವುದಲ್ಲ: ಆಮೇಲೆಯೇ, 2012ರಲ್ಲಿ, ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತು. 2021ರಲ್ಲಿ ಅಲ್ಲಿ ಸಿಕ್ಕದ್ದು ಸುಮಾರು 3,300 ಟನ್. ಈ ಕುಸಿತದ ಹಿಂದೆ ಸಮುದ್ರವನ್ನು ಬಿಸಿಯಾಗಿಸುವ ಎಲ್ ನಿನೊ ಇದೆ, ಮಿತಿಮೀರಿದ ಹಿಡಿತವೂ ಇದೆ ಎಂದು ಕೊಚ್ಚಿಯಲ್ಲಿರುವ ಅದೇ ಕೇಂದ್ರೀಯ ಸಂಸ್ಥೆಯ ವಿಜ್ಞಾನಿಗಳೇ ಬರೆದಿದ್ದಾರೆ. ಸುದ್ದಿಯಾದದ್ದು ಮೊದಲನೆಯ ಕಾರಣ ಮಾತ್ರ.

2023ರಲ್ಲಿ ಬೂತಾಯಿಯ ಸಂಪೂರ್ಣ ಜೀನೋಮನ್ನು ಓದಿದ್ದಾಯಿತು, ಅಭಿಮಾನಪಡುವ ಸಾಧನೆಯೇ. ಆದರೆ ಕಾರ್ಖಾನೆಗೆ ಹೋಗುವ ಲಾರಿಯಲ್ಲಿರುವ ಮೀನಿನ ಉದ್ದ ಅಳೆಯುವ ಕೆಲಸಕ್ಕೆ ಅಂಥ ಮರ್ಯಾದೆ ಇನ್ನೂ ದೊರೆತಿಲ್ಲ. ಕೇರಳ ವಿಧಿಸಿರುವ ಕನಿಷ್ಠ ಅಳತೆ 10 ಸೆಂಟಿಮೀಟರ್. ಅಂದರೆ ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಹಿಡಿಯಲು ಕಾನೂನಿನ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳ ರಜೆ ಮುಗಿಸಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದು ಆಗಸ್ಟಿನಲ್ಲಿ, ಬೂತಾಯಿಯ ಸಂತಾನಕಾಲ ಇನ್ನೂ ಮುಗಿಯದಿರುವಾಗ. ಆ ವಾರಗಳಲ್ಲಿ ಮಂಗಳೂರು, ಮಲ್ಪೆ, ಕಾರವಾರದ ಧಕ್ಕೆಗಳಲ್ಲಿ ಇಳಿಯುವ ಬೂತಾಯಿಯಲ್ಲಿ ಮೊಟ್ಟೆ ತುಂಬಿದ್ದೆಷ್ಟು, ಮರಿ ಎಷ್ಟು ಎಂಬ ಲೆಕ್ಕ ಆಯಾ ವರ್ಷವೇ ಮೀನುಗಾರರ ಸಂಘಗಳ ಕೈಗೆ ಕನ್ನಡದಲ್ಲಿ ತಲುಪಬೇಕು.